ಲೋಗೊಗೆ ಮೊದಲ ಪರೀಕ್ಷೆ: ಒಂದೇ ಕಸುಬಿನವರ ಕಣ್ಣು

ಲೋಗೊ ಬರೆದವರು ಅದನ್ನು ಗಿರಾಕಿಯ ಮುಂದಿಡುವ ಮೊದಲು ಅದೇ ಕಸುಬಿನ ಇಬ್ಬರು ಮೂವರಿಗೆ ತೋರಿಸಿ ಅಭಿಪ್ರಾಯ ಕೇಳುವುದು ಗ್ರಾಫಿಕ್ ವಿನ್ಯಾಸದ ಹಳೆಯ ರೂಢಿ. ಸ್ಟುಡಿಯೊಗಳಲ್ಲಿ ಇದಕ್ಕೆ ಫೀಡ್‌ಬ್ಯಾಕ್ ಎನ್ನುತ್ತಾರೆ. ವಿನ್ಯಾಸ ಶಾಲೆಗಳಲ್ಲಿ ಕ್ರಿಟ್ ಎಂಬ ಮಾತು ಚಾಲ್ತಿಯಲ್ಲಿದೆ. ವಾರಗಟ್ಟಲೆ ಒಂದೇ ಗುರುತನ್ನು ತಿದ್ದಿದವರಿಗೆ ಅದರ ಉದ್ದೇಶ ಬಾಯಿಪಾಠವಾಗಿರುತ್ತದೆ. ಕಾಗದದ ಮೇಲೆ ಏನಿದೆ ಎಂಬುದಕ್ಕಿಂತ ಮನಸ್ಸಿನಲ್ಲಿ ಏನಿತ್ತು ಎಂಬುದೇ ಅವರಿಗೆ ಕಾಣುತ್ತಿರುತ್ತದೆ. ಆ ಕುರುಡನ್ನು ಹೊರಗಿನ ನುರಿತ ಕಣ್ಣು ಮಾತ್ರ ಹಿಡಿಯಬಲ್ಲದು. ಆದ್ದರಿಂದ ಇಲ್ಲಿ ಬೆಲೆಯಿರುವುದು ನೋಡಿದವರ ಇಷ್ಟಾನಿಷ್ಟಕ್ಕಲ್ಲ, ಅವರು ಕೊಡುವ ಸಾಕ್ಷಿಗೆ: ಗುರುತು ತಮಗೆ ಏನಾಗಿ ಕಂಡಿತು, ಎಲ್ಲಿ ಕಣ್ಣು ಎಡವಿತು, ಯಾವ ಅಕ್ಷರ ಓದಲಾಗಲಿಲ್ಲ ಎಂಬ ಸಾಕ್ಷಿ.

ಈ ಹಂತವನ್ನು ದಾಟಿ ಹೋದ ತಪ್ಪು ಮುಂದೆ ದುಬಾರಿಯಾಗುತ್ತದೆ. ಬೆಂಗಳೂರಿನ ಬಟ್ಟೆ ಮಾರಾಟ ಸಂಸ್ಥೆ ಮಿಂತ್ರಾದ ಲೋಗೊ ಮಹಿಳೆಯರಿಗೆ ಅವಮಾನವಾಗುವಂತೆ ಕಾಣುತ್ತದೆ ಎಂದು ಮುಂಬಯಿಯ ಸೈಬರ್ ಪೊಲೀಸರಿಗೆ ದೂರು ಹೋಯಿತು. 2021ರ ಜನವರಿಯಲ್ಲಿ ಸಂಸ್ಥೆ ತನ್ನ ಎಂ ಅಕ್ಷರದ ಗುರುತನ್ನು ಬದಲಿಸಲು ಒಪ್ಪಿತು. ಅಷ್ಟು ಹೊತ್ತಿಗೆ ಆ ಗುರುತು ಆ್ಯಪ್‌ನಿಂದ ಹಿಡಿದು ಪೊಟ್ಟಣದವರೆಗೆ ಎಲ್ಲೆಡೆ ಹರಡಿತ್ತು. ಅಮೆರಿಕದ ಬಟ್ಟೆ ಕಂಪನಿ ಗ್ಯಾಪ್ 2010ರ ಅಕ್ಟೋಬರ್‌ನಲ್ಲಿ ಹೊಸ ಲೋಗೊ ತಂದು, ಜನ ಲೇವಡಿ ಮಾಡಿದ ಮೇಲೆ ಸುಮಾರು ಒಂದು ವಾರದಲ್ಲೇ ಹಳೆಯ ನೀಲಿ ಚೌಕಕ್ಕೆ ಮರಳಿತು. ಎರಡೂ ಕಡೆ ತೀರ್ಪು ಕೊಟ್ಟವರು ಹೊರಗಿನ ಜನ. ಜನರ ತೀರ್ಪು ಬರುವ ಹೊತ್ತಿಗೆ ಹಣ ಖರ್ಚಾಗಿ, ಮಾನವೂ ಹೋಗಿರುತ್ತದೆ. ಸಹವೃತ್ತಿಯವರ ಮಾತು ಪೆನ್ಸಿಲ್ ಗೆರೆ ಅಳಿಸಲು ಬರುವ ಹಂತದಲ್ಲೇ ಸಿಗುತ್ತದೆ ಎಂಬುದೇ ಅದರ ದೊಡ್ಡ ಲಾಭ.

ಯಾರಿಗೆ ತೋರಿಸಬೇಕು ಎಂಬುದು ಮೊದಲ ಪ್ರಶ್ನೆ. ಒಂದೇ ಬಗೆಯ ಮೂವರಿಗಿಂತ ಮೂರು ಬಗೆಯ ಮೂವರು ಮೇಲು. ಒಬ್ಬರು ಅಕ್ಷರ ಬಲ್ಲವರಾಗಿರಬೇಕು, ಒಬ್ಬರು ಮುದ್ರಣ ಬಲ್ಲವರು, ಇನ್ನೊಬ್ಬರು ಲೋಗೊ ಬದುಕಬೇಕಾದ ಊರನ್ನು ಬಲ್ಲವರು. ಈ ಮೂರನೆಯವರನ್ನು ಮರೆಯುವುದೇ ಹೆಚ್ಚು. ಉದಾಹರಣೆಗೆ, ಕೋಲಾರದ ಚಿನ್ನದ ಗಣಿಗಳ ಸುತ್ತಲಿನ ಊರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ, ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಗಳಲ್ಲಿ ಬೋರ್ಡ್ ಬರೆಯುವವರು, ಡಿಟಿಪಿ ಅಂಗಡಿಯಲ್ಲಿ ಕೋರೆಲ್ ಡ್ರಾ ಹಿಡಿದು ಕೂತವರು, ಸ್ಕ್ರೀನ್ ಪ್ರಿಂಟಿಂಗ್ ಮಾಡುವವರು ತಮ್ಮನ್ನು ಡಿಸೈನರ್ ಎಂದು ಕರೆದುಕೊಳ್ಳದೆ ಇರಬಹುದು. ಆದರೂ ಯಾವ ಗೆರೆ ಬಣ್ಣ ಕುಡಿದು ದಪ್ಪವಾಗುತ್ತದೆ, ಯಾವ ಅಕ್ಷರವನ್ನು ಗಿರಾಕಿ ತಪ್ಪಾಗಿ ಓದುತ್ತಾನೆ ಎಂಬುದನ್ನು ಅವರಷ್ಟು ಖಚಿತವಾಗಿ ಹೇಳಬಲ್ಲವರು ಕಡಿಮೆ. ಲೋಗೊ ವಿಮರ್ಶೆಗೆ ಅವರೂ ಸಹವೃತ್ತಿಯವರೇ.

ನೋಡುವ ಮೊದಲು ಬ್ರೀಫ್ ತಿಳಿದಿರಬೇಕು. ಲೋಗೊ ಯಾರದು, ಯಾವ ವ್ಯವಹಾರಕ್ಕೆ, ಯಾರು ನೋಡುತ್ತಾರೆ, ಎಲ್ಲೆಲ್ಲಿ ಅಚ್ಚಾಗುತ್ತದೆ, ಪಕ್ಕದ ಅಂಗಡಿಯ ಗುರುತು ಹೇಗಿದೆ ಎಂಬ ಐದು ಪ್ರಶ್ನೆಗೆ ಐದು ಸಾಲಿನ ಉತ್ತರ ಸಾಕು. ಇದಿಲ್ಲದೆ ಕೊಟ್ಟ ಅಭಿಪ್ರಾಯ ಬರೀ ರುಚಿಯ ಮಾತಾಗುತ್ತದೆ. ಆದರೆ ಬ್ರೀಫ್ ಮತ್ತು ವಿವರಣೆ ಬೇರೆ ಬೇರೆ. "ಈ ಬಳುಕು ನಮ್ಮ ಗಣಿಯ ಸುರಂಗವನ್ನು ಸೂಚಿಸುತ್ತದೆ" ಎಂದು ಮೊದಲೇ ಹೇಳಿಬಿಟ್ಟರೆ ಕೇಳಿದವರಿಗೆ ಸುರಂಗವೇ ಕಾಣತೊಡಗುತ್ತದೆ, ಪರೀಕ್ಷೆ ಅಲ್ಲಿಗೆ ಮುಗಿಯಿತು. ಕೆಲಸದ ಸಂದರ್ಭ ತಿಳಿಸಬೇಕು, ಗೆರೆಗಳ ಅರ್ಥವನ್ನು ಮುಚ್ಚಿಡಬೇಕು.

ಎಷ್ಟು ಕರಡು ತೋರಿಸಬೇಕು ಎಂಬುದರಲ್ಲಿ ಎರಡು ಪಂಥಗಳಿವೆ. ಸ್ಟೀವ್ ಜಾಬ್ಸ್ 1986ರಲ್ಲಿ ತಮ್ಮ ಕಂಪ್ಯೂಟರ್ ಕಂಪನಿ ನೆಕ್ಸ್ಟ್‌ಗಾಗಿ ಲೋಗೊ ವಿನ್ಯಾಸಕ ಪಾಲ್ ರ‍್ಯಾಂಡ್ ಅವರ ಬಳಿ ಹೋದಾಗ ಕೆಲವು ಆಯ್ಕೆಗಳನ್ನು ಕೇಳಿದರು. ರ‍್ಯಾಂಡ್ ಒಪ್ಪಲಿಲ್ಲ. 1,00,000 ಡಾಲರ್ ಪಡೆದು ಒಂದೇ ಒಂದು ಲೋಗೊ ಕೊಟ್ಟರು, ಜೊತೆಗೆ ಆ ರೂಪಕ್ಕೆ ಹೇಗೆ ಬಂದೆನೆಂದು ಹಂತಹಂತವಾಗಿ ತೋರಿಸುವ ಕೈಪಿಡಿ ಇಟ್ಟರು.   ಹಲವು ಕರಡು ತೋರಿಸಬೇಕೆನ್ನುವ ಇನ್ನೊಂದು ಪಂಥಕ್ಕೆ ಪ್ರಯೋಗದ ಬಲವಿದೆ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪು ಜಾಹೀರಾತಿನ ಒಂದೊಂದೇ ಕರಡು ಮಾಡಿ, ಪ್ರತಿಯೊಂದಕ್ಕೂ ಅಭಿಪ್ರಾಯ ಪಡೆದು ಮುಂದೆ ಸಾಗಿತು. ಇನ್ನೊಂದು ಗುಂಪು ಹಲವು ಕರಡುಗಳನ್ನು ಒಟ್ಟಿಗೆ ಮಾಡಿ, ಒಟ್ಟಿಗೆ ಅಭಿಪ್ರಾಯ ಪಡೆಯಿತು. ಎರಡನೆಯ ಗುಂಪಿನ ಜಾಹೀರಾತುಗಳಿಗೆ ಹೆಚ್ಚು ಜನ ಸ್ಪಂದಿಸಿದರು. ಆ ಗುಂಪಿನವರು ಟೀಕೆಯನ್ನು ಮನಸ್ಸಿಗೆ ಹಚ್ಚಿಕೊಂಡದ್ದೂ ಕಡಿಮೆ. ಇರುವುದು ಒಂದೇ ಕರಡಾದರೆ ಅದರ ಮೇಲಿನ ಮಾತು ತನ್ನ ಮೇಲೆಯೇ ಬಿದ್ದಂತೆ ಭಾಸವಾಗುತ್ತದೆ. ಮೂರಿದ್ದರೆ ಮಾತು ಹೋಲಿಕೆಯ ಕಡೆ ತಿರುಗುತ್ತದೆ. ಎರಡು ಪಂಥಗಳಿಗೂ ನಿಜವಾದ ಜಗಳವಿಲ್ಲ. ಗಿರಾಕಿಯ ಮುಂದೆ ಒಂದೇ ಇರಲಿ, ಸಹವೃತ್ತಿಯವರ ಮುಂದೆ ಮೂರಿರಲಿ.

ಪರೀಕ್ಷೆಯ ಮೊದಲ ಹೆಜ್ಜೆ ಕ್ಷಣದ ನೋಟ. ಮಾರಿಕುಪ್ಪಂನಿಂದ ಬಂಗಾರಪೇಟೆ ದಾಟಿ ಬೆಂಗಳೂರಿಗೆ ದಿನವೂ ಓಡಾಡುವ ಸಾವಿರಾರು ಜನರಿಗೆ ಹಳಿಯ ಪಕ್ಕದ ಫಲಕ ಕಾಣುವುದು ಕೆಲವೇ ಕ್ಷಣ. ಲೋಗೊವನ್ನೂ ಅಷ್ಟೇ ಹೊತ್ತು ತೋರಿಸಿ ಮುಚ್ಚಬೇಕು. ಬಳಿಕ ನೆನಪಿನಿಂದ ಬಿಡಿಸಲು ಹೇಳಬೇಕು. ಕೈ ಚೆನ್ನಾಗಿ ಓಡದವರು ಬಿಡಿಸಿದರೂ ಯಾವುದು ಉಳಿಯಿತು, ಯಾವುದು ಅಳಿಯಿತು ಎಂಬುದು ತಿಳಿಯುತ್ತದೆ. ಮೂವರೂ ಬಿಟ್ಟ ಗೆರೆ ಲೋಗೊಗೆ ಬೇಡದ ಗೆರೆ. ಮೂವರೂ ಒಂದೇ ಭಾಗವನ್ನು ಒಂದೇ ರೀತಿ ತಪ್ಪಾಗಿ ಬಿಡಿಸಿದ್ದರೆ ಆ ತಪ್ಪು ರೂಪವೇ ಹೆಚ್ಚು ಸಹಜವೇನೋ ಎಂದು ಯೋಚಿಸಬೇಕು.

ಎರಡನೆಯದು ಬೇಡದ ಅರ್ಥ. ಶೇಖರ್ ಕಾಮತ್ ರೂಪಿಸಿ 1971ರಲ್ಲಿ ಬಳಕೆಗೆ ಬಂದ ಸ್ಟೇಟ್ ಬ್ಯಾಂಕಿನ ನೀಲಿ ವೃತ್ತವನ್ನು ಕೆಲವರು ಬೀಗದ ರಂಧ್ರ ಎನ್ನುತ್ತಾರೆ, ಕೆಲವರು ಅಹಮದಾಬಾದಿನ ಕಾಂಕರಿಯಾ ಕೆರೆ ಎನ್ನುತ್ತಾರೆ. ಎರಡರಿಂದಲೂ ಬ್ಯಾಂಕಿಗೆ ನಷ್ಟವಿಲ್ಲ. ಬೀಗವಂತೂ ಹಣ ಕಾಯುವ ಸಂಸ್ಥೆಗೆ ಒಪ್ಪುವ ಅರ್ಥ. ಎಲ್ಲ ಗುರುತಿಗೂ ಆ ಅದೃಷ್ಟವಿರದು. ಆದ್ದರಿಂದ ಲೋಗೊವನ್ನು ತಲೆಕೆಳಗು ಮಾಡಿ, ಎಡಬಲ ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡಬೇಕು. ಹೆಂಗಸರು, ಮಕ್ಕಳು, ಬೇರೆ ಮಾತಿನವರು ನೋಡಬೇಕು. ತಮಿಳು, ತೆಲುಗು, ಕನ್ನಡ, ಉರ್ದು, ಇಂಗ್ಲಿಷ್ ಒಂದೇ ಬೀದಿಯಲ್ಲಿ ಕೇಳಿಸುವ ಗಣಿಯೂರಿನಲ್ಲಿ ಒಂದು ಭಾಷೆಯ ಚಮತ್ಕಾರ ಇನ್ನೊಂದು ಭಾಷೆಯವರಿಗೆ ತಲುಪುವುದಿಲ್ಲ. 2017ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಬೆಂಗಳೂರಿನ ಲೋಗೊದಲ್ಲಿ ನಗರದ ಇಂಗ್ಲಿಷ್ ಹೆಸರಿನ ಮೊದಲ ಎರಡು ಅಕ್ಷರಕ್ಕೂ ಕೊನೆಯ ಅಕ್ಷರಕ್ಕೂ ಕೆಂಪು ಬಳಿದು, 'ನೀವು ನೀವಾಗಿರಿ' ಎಂಬ ಅರ್ಥ ಹೊರಡಿಸಲಾಗಿತ್ತು. ಇಂಗ್ಲಿಷ್ ಬಲ್ಲವರಿಗೆ ಸಿಗುವ ಈ ಅರ್ಥ ಉಳಿದವರಿಗೆ ಬರೀ ಬಣ್ಣ. ಇಂಥ ಕಡೆ ಸಹವೃತ್ತಿಯವರು ಕೇಳಬೇಕಾದದ್ದು ಒಂದೇ: ಚಮತ್ಕಾರ ತಪ್ಪಿದವರಿಗೂ ಗುರುತು ಗುರುತಾಗಿಯೇ ನಿಲ್ಲುತ್ತದೆಯೆ?

ಮೂರನೆಯದು ಅಕ್ಷರ. ಕನ್ನಡದ ಲೋಗೊಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ರೋಮನ್ ಲಿಪಿಯ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ಸಾಲಾಗಿ ನಿಲ್ಲುತ್ತವೆ. ಕನ್ನಡದಲ್ಲಿ ತಲೆಕಟ್ಟು, ಗುಡಿಸು, ಏತ್ವ ಮೇಲೆ ಏರುತ್ತವೆ, ಒತ್ತಕ್ಷರ ಕೆಳಗೆ ಇಳಿಯುತ್ತದೆ, ಕೊಂಬು ಮತ್ತು ದೀರ್ಘ ಬಲಕ್ಕೆ ಚಾಚುತ್ತವೆ. 'ಊರಿಗಾಂ' ಎಂಬ ಹೆಸರಿನಲ್ಲಿ ಒತ್ತಕ್ಷರವೇ ಇಲ್ಲದ್ದರಿಂದ ಅದು ಒಂದು ಪಟ್ಟಿಯೊಳಗೆ ಅಚ್ಚುಕಟ್ಟಾಗಿ ಕೂರುತ್ತದೆ. 'ರಾಬರ್ಟ್‌ಸನ್‌ಪೇಟೆ'ಯಲ್ಲಿ ಅರ್ಕಾವೊತ್ತು ಬರುತ್ತದೆ, ಎರಡೆರಡು ಅರ್ಧಾಕ್ಷರ ಬರುತ್ತವೆ. ಅದಕ್ಕೆ ಬೇರೆಯೇ ಉಸಿರು ಬೇಕು. ಇಂಗ್ಲಿಷ್ ಲೋಗೊ ಮುಗಿಸಿ, ಕೊನೆಯಲ್ಲಿ ಅದರ ಅಡಿಗೆ ಕನ್ನಡ ಅಂಟಿಸಿದರೆ ಕನ್ನಡ ಸಣ್ಣಗೆ, ಇಕ್ಕಟ್ಟಾಗಿ ಕಾಣುವುದು ಇದೇ ಕಾರಣಕ್ಕೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿ ನಾಮಫಲಕದ ಶೇ 60 ಭಾಗ ಕನ್ನಡದಲ್ಲಿ, ಅದೂ ಮೇಲ್ಭಾಗದಲ್ಲಿ ಇರಬೇಕೆಂದು ವಿಧಿಸುತ್ತದೆ. ಹಾಗಾಗಿ ಕನ್ನಡ ರೂಪವನ್ನು ಮೊದಲೇ ಬರೆದುಕೊಳ್ಳುವುದು ಅಂದಕ್ಕೂ ಒಳ್ಳೆಯದು, ಕಾನೂನಿಗೂ ಒಳ್ಳೆಯದು.

ಅಕ್ಷರಗಳ ನಡುವಿನ ಸೂಕ್ಷ್ಮ ವ್ಯತ್ಯಾಸವೂ ಇಲ್ಲೇ ಪರೀಕ್ಷೆಯಾಗಬೇಕು. ಪ ಮತ್ತು ವ ನಡುವೆ ಇರುವುದು ಸಣ್ಣ ಬಿರುಕು. ದ ಮತ್ತು ಧ ಬೇರೆಯಾಗುವುದು ಕೆಳಗಿನ ಒಂದು ಸೀಳಿನಿಂದ. ರ ಮತ್ತು ಠ ಬೇರೆಯಾಗುವುದು ಒಳಗಿನ ಒಂದು ಚುಕ್ಕೆಯಿಂದ. ಗೆರೆ ದಪ್ಪ ಮಾಡಿ ಆಕಾರ ಸರಳಗೊಳಿಸುವ ಉತ್ಸಾಹದಲ್ಲಿ ಈ ಬಿರುಕು, ಸೀಳು, ಚುಕ್ಕೆಗಳೇ ಮೊದಲು ಮುಚ್ಚಿಹೋಗುತ್ತವೆ. 'ಬಂಗಾರಪೇಟೆ'ಯ ಪ ಅಕ್ಷರ ವ ಆಗಿ ಓದಿಸಿಕೊಂಡರೆ ಊರಿನ ಹೆಸರೇ ಕೆಟ್ಟಿತು. ಬಂಗಾರಪೇಟೆ, ಊರಿಗಾಂ ಹೆಸರುಗಳಲ್ಲಿರುವ ಸೊನ್ನೆಯನ್ನು ಚಿನ್ನದ ನಾಣ್ಯ ಮಾಡುವುದು ಎಲ್ಲರಿಗೂ ಹೊಳೆಯುವ ಉಪಾಯ. ನಾಣ್ಯ ಪಕ್ಕದ ಅಕ್ಷರದಷ್ಟೇ ದೊಡ್ಡದಾದರೆ ಅದು ಸೊನ್ನೆಯಾಗಿ ಉಳಿಯದೆ ಚಿತ್ರವಾಗುತ್ತದೆ, ಓದುವವರು 'ಬಗಾರಪೇಟೆ' ಎನ್ನುತ್ತಾರೆ. ಈ ತಪ್ಪನ್ನು ಹಿಡಿಯಲು ಸರಳ ದಾರಿಯಿದೆ: ಹೆಸರು ಗೊತ್ತಿಲ್ಲದವರಿಂದ ಜೋರಾಗಿ ಓದಿಸಬೇಕು.

ನಾಲ್ಕನೆಯದು ಗಾತ್ರ ಮತ್ತು ಬಣ್ಣ. ಲೋಗೊ ಕಂಪ್ಯೂಟರ್ ಪರದೆಯ ಮೇಲೆ ಹುಟ್ಟಿದರೂ ಬಾಳುವುದು ವಿಸಿಟಿಂಗ್ ಕಾರ್ಡು, ರಬ್ಬರ್ ಸೀಲು, ಸಮವಸ್ತ್ರದ ಕಸೂತಿ, ಬಿಲ್ಲಿನ ಮೂಲೆ, ವಾಟ್ಸ್ಆ್ಯಪ್‌ನ ದುಂಡನೆಯ ಡಿಪಿ, ಲಾರಿಯ ಬಾಗಿಲುಗಳ ಮೇಲೆ. ಆದ್ದರಿಂದ ವಿಮರ್ಶೆಗೆ ಕೊಡುವ ಹಾಳೆಯಲ್ಲಿ ದೊಡ್ಡ ರೂಪದ ಪಕ್ಕದಲ್ಲೇ ಒಂದು ಸೆಂಟಿಮೀಟರ್ ಅಗಲದ ರೂಪ, ಬರೀ ಕಪ್ಪಿನ ರೂಪ, ಕಪ್ಪು ನೆಲದ ಮೇಲೆ ಬಿಳಿ ರೂಪ ಇರಬೇಕು. ಕೆನರಾ ಬ್ಯಾಂಕ್ 2007ರಲ್ಲಿ ತಂದ ಗುರುತಿನಲ್ಲಿ ನೀಲಿ ಮತ್ತು ಹಳದಿಯ ಎರಡು ತ್ರಿಕೋನಗಳು ಒಂದಕ್ಕೊಂದು ಹೆಣೆದುಕೊಂಡಿವೆ. ರೂಪಿಸಿದ್ದು ಬೆಂಗಳೂರಿನ ರೇ ಪ್ಲಸ್ ಕೇಶವನ್ ಸ್ಟುಡಿಯೊ. ಇಂಥ ಗುರುತಿಗೆ ಕೇಳಬೇಕಾದ ಪ್ರಶ್ನೆ: ಬಣ್ಣ ತೆಗೆದ ಮೇಲೂ ಹೆಣಿಗೆ ಕಾಣುತ್ತದೆಯೆ? ಎರಡು ಆಕಾರಗಳನ್ನು ಬೇರ್ಪಡಿಸುತ್ತಿರುವುದು ಬರೀ ಬಣ್ಣವಾದರೆ ಸೀಲಿನಲ್ಲಿ ಅವು ಒಂದೇ ಮುದ್ದೆಯಾಗುತ್ತವೆ. ಕೆಂಪು ಹಸಿರಿನ ಭೇದ ಕಾಣದವರಿಗೂ ಅದೇ ಕಷ್ಟ. ಆ ದೋಷ ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು.

ಚಿನ್ನದ ಊರಿನಲ್ಲಿ ಚಿನ್ನದ ಬಣ್ಣವೇ ದೊಡ್ಡ ತೊಡಕು. ಪರದೆಯ ಮೇಲೆ ಹಳದಿಯಿಂದ ಕಂದಿಗೆ ಜಾರುವ ಛಾಯೆ ಹೊಳೆದಂತೆ ಕಾಣುತ್ತದೆ. ಅದೇ ಕಡತ ಆಫ್‌ಸೆಟ್ ಮುದ್ರಣದ ನಾಲ್ಕು ಬಣ್ಣಕ್ಕೆ ಹೋದರೆ ಸಾಸಿವೆ ಬಣ್ಣವಾಗಿಯೋ ಮಣ್ಣಿನ ಬಣ್ಣವಾಗಿಯೋ ಹೊರಬರುತ್ತದೆ, ಏಕೆಂದರೆ ಹೊಳಪು ಆ ನಾಲ್ಕು ಶಾಯಿಗಳಲ್ಲಿ ಇಲ್ಲ. ನಿಜವಾದ ಹೊಳಪಿಗೆ ಲೋಹದ ಶಾಯಿ ಅಥವಾ ಬಿಸಿ ಅಚ್ಚಿನ ಫಾಯಿಲ್ ಬೇಕು, ಅದಕ್ಕೆ ಬೇರೆ ಖರ್ಚು. ಮದುವೆ ಕರೆಯೋಲೆಗೆ ಆ ಖರ್ಚು ಹೊಂದುತ್ತದೆ, ಚಾಟ್ ಅಂಗಡಿಯ ಕಾಗದದ ತಟ್ಟೆಗೆ ಹೊಂದುವುದಿಲ್ಲ. ಮುದ್ರಣ ಬಲ್ಲ ಗೆಳೆಯರು ಈ ಮಾತನ್ನು ಮೊದಲ ನೋಟದಲ್ಲೇ ಹೇಳುತ್ತಾರೆ. ಒಂದೇ ಚಪ್ಪಟೆ ಹಳದಿ ಮತ್ತು ದಟ್ಟ ಕಪ್ಪು ಕೂಡಿಸಿದರೆ ಹಳದಿ ಎದ್ದು ಕಾಣುತ್ತದೆ, ಎಲ್ಲ ಕಡೆ ಒಂದೇ ಥರ ಅಚ್ಚಾಗುತ್ತದೆ.

ಐದನೆಯದು ಊರಿನ ನಿಜ. ಕೋಲಾರದ ಚಿನ್ನದ ಗಣಿಗಳು (ಕೆಜಿಎಫ್) ಜಾನ್ ಟೇಲರ್ ಕಂಪನಿಯ ಕೈಯಲ್ಲಿ 1880ರ ದಶಕದಿಂದ ಬೆಳೆದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಗಿ, 2001ರ ಫೆಬ್ರವರಿ 28ರಂದು ಮುಚ್ಚಿದವು. ಗಣಿ ನಿಂತರೂ ಶಾಫ್ಟ್‌ಗಳ ಮೇಲಿನ ಚಕ್ರದ ಗೋಪುರಗಳು, ಅದಿರಿನ ತ್ಯಾಜ್ಯದ ಚಪ್ಪಟೆ ತಲೆಯ ಸೈನೈಡ್ ದಿಬ್ಬಗಳು ಊರಿನ ಚಹರೆಯಾಗಿ ಉಳಿದಿವೆ. ಹೊರಗಿನ ವಿನ್ಯಾಸಕಾರರಿಗೆ ಕೆಜಿಎಫ್ ಎಂದೊಡನೆ ಗುದ್ದಲಿ, ಚಿನ್ನದ ಗಟ್ಟಿ, ತಲೆದೀಪದ ಟೊಪ್ಪಿಗೆ ನೆನಪಾಗುತ್ತವೆ. 2018ರ ಡಿಸೆಂಬರ್‌ನಲ್ಲಿ ತೆರೆಗೆ ಬಂದ 'ಕೆ.ಜಿ.ಎಫ್' ಚಿತ್ರದ ಮೇಲೆ ಇನ್ನೊಂದು ಸುಲಭದ ದಾರಿ ಸೇರಿತು: ಕಪ್ಪು ಹೊಗೆ, ತುಕ್ಕು ಹಿಡಿದ ಕಬ್ಬಿಣದಂಥ ಅಕ್ಷರ. ಚಿತ್ರದ ಚಹರೆಯನ್ನು ಕಡ ತಂದ ಶಾಲೆಯೋ ಸಹಕಾರಿ ಸಂಘವೋ ಆ ಚಿತ್ರದ ನೆರಳಾಗಿ ಉಳಿಯುತ್ತದೆ. ಗೋಪುರ ಬಳಸಬಾರದು ಎಂದೇನೂ ಇಲ್ಲ. ಆದರೆ ಊರಿನಲ್ಲಿ ಈಗಾಗಲೇ ಎಷ್ಟು ಗುರುತುಗಳು ಅದನ್ನು ಹೊತ್ತಿವೆ, ಈ ಗೋಪುರ ಅವುಗಳಿಂದ ಹೇಗೆ ಬೇರೆ ಎಂಬ ಪ್ರಶ್ನೆಗೆ ಉತ್ತರ ಇರಬೇಕು. ಕೊಳವೆಬಾವಿಯವರ ಲೋಗೊದಂತೆ ಕಂಡರೆ ಅಲ್ಲಿಗೆ ಕೆಲಸ ಕೆಟ್ಟಂತೆ.

ಊರು ಬಲ್ಲವರ ಸಾಕ್ಷಿಗೆ ಎಷ್ಟು ಬೆಲೆ ಎಂಬುದನ್ನು ಬಂಗಾರಪೇಟೆಯ ಪಾನಿಪೂರಿ ಚೆನ್ನಾಗಿ ತೋರಿಸುತ್ತದೆ. ಬೇರೆಡೆ ಪಾನಿ ಎಂದರೆ ಪುದೀನ, ಕೊತ್ತಂಬರಿಯ ಹಸಿರು. ಬಂಗಾರಪೇಟೆಯ ಹೆಸರು ಹೊತ್ತು ಬೆಂಗಳೂರಿನ ಬೀದಿಗಳವರೆಗೂ ಬಂದ ಪಾನಿಪೂರಿಯ ನೀರಿಗೆ ಬಣ್ಣವೇ ಇಲ್ಲ. ನೋಡಲು ತಿಳಿ ನೀರು, ಬಾಯಿಗೆ ಬಿದ್ದರೆ ಖಾರ. ಅಂಥ ಅಂಗಡಿಯ ಲೋಗೊದಲ್ಲಿ ಹಸಿರು ಹನಿ ಬರೆದರೆ ಕೈ ಎಷ್ಟೇ ನಯವಾಗಿದ್ದರೂ ಅದು ಪರ ಊರಿನ ಪಾನಿಪೂರಿ. ದೂರದ ಸ್ಟುಡಿಯೊದಲ್ಲಿ ಹತ್ತು ಜನ ನೋಡಿ ಮೆಚ್ಚಿದರೂ ಈ ತಪ್ಪು ಉಳಿದೇ ಇರುತ್ತದೆ. ಅಲ್ಲಿ ತಿಂದವರು ಒಬ್ಬರು ನೋಡಿದರೆ ಸಾಕು, ಅದು ಸಿಕ್ಕಿಬೀಳುತ್ತದೆ. ಬಣ್ಣವಿಲ್ಲದ ಹನಿಯನ್ನು ಬಿಳಿ ಜಾಗದಿಂದಲೇ ಕೆತ್ತಿ ತೋರಿಸುವ ಯೋಚನೆ ಹುಟ್ಟುವುದೂ ಅಂಥ ಟೀಕೆಯಿಂದಲೇ.

ಆರನೆಯದು ಹೋಲಿಕೆ ಮತ್ತು ಕಾನೂನು. ಬೇರೆಯವರ ಗುರುತನ್ನು ಕಂಡ ನೆನಪು ಕೈಯೊಳಗೆ ಸೇರಿಕೊಂಡು, ಬರೆದವರಿಗೇ ಅರಿವಿಲ್ಲದೆ ಮರುಹುಟ್ಟು ಪಡೆಯುತ್ತದೆ. "ಇದನ್ನು ಎಲ್ಲೋ ನೋಡಿದಂತಿದೆ" ಎಂಬ ಮಾತು ಕೇಳಿಬಂದರೆ ಎಲ್ಲಿ ಎಂದು ಹುಡುಕಲೇಬೇಕು. ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಯ ದಾಖಲೆಗಳನ್ನು ಯಾರು ಬೇಕಾದರೂ ಹುಡುಕಿ ನೋಡಬಹುದು. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ, ನೋಂದಣಿಯ ಅವಧಿ 10 ವರ್ಷ, ಬಳಿಕ ನವೀಕರಿಸಬೇಕು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಪ್ರಕಾರ ಬರೀ ಊರಿನ ಹೆಸರನ್ನೋ ಸರಕಿನ ಬಗೆಯನ್ನೋ ಸೂಚಿಸುವ ಮಾತು ಸಾಮಾನ್ಯವಾಗಿ ನೋಂದಣಿಗೆ ಅರ್ಹವಲ್ಲ. 'ಬಂಗಾರಪೇಟೆ ಚಾಟ್ಸ್' ಎಂಬ ಎರಡೇ ಪದ ನೆಚ್ಚಿಕೊಂಡ ಅಂಗಡಿಗೆ ಚಿತ್ರದ ಭಾಗವಾದರೂ ವಿಶಿಷ್ಟವಾಗಿರಲೇಬೇಕು. ಗಂಡಭೇರುಂಡ ಬರೆಯುವ ಆಸೆ ಕರ್ನಾಟಕದ ವಿನ್ಯಾಸಕಾರರಿಗೆ ಸಹಜ, ಆದರೆ ಅದು ರಾಜ್ಯ ಸರ್ಕಾರದ ಲಾಂಛನವನ್ನು ನೆನಪಿಸುವಂತಿದ್ದರೆ 1950ರ ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆ ಕಾಯ್ದೆ ಅಡ್ಡ ಬರುತ್ತದೆ.

ಇಷ್ಟನ್ನೂ ಹೇಳುವ ರೀತಿಗೆ ಒಂದು ಕ್ರಮವಿದೆ. ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ಕಲಾವಿದರಿಗಾಗಿ ರೂಪಿಸಿದ ನಾಲ್ಕು ಹಂತದ ವಿಧಾನ ಲೋಗೊಗೂ ಒಗ್ಗುತ್ತದೆ. ಮೊದಲು ನೋಡಿದವರು ತಮ್ಮ ಮನಸ್ಸಿಗೆ ನಾಟಿದ್ದೇನು ಎಂದು ಹೇಳುತ್ತಾರೆ. ಆಮೇಲೆ ಬರೆದವರು ತಮಗಿರುವ ಅನುಮಾನಗಳನ್ನು ಕೇಳುತ್ತಾರೆ. ಮೂರನೆಯ ಹಂತದಲ್ಲಿ ನೋಡಿದವರು ಅಭಿಪ್ರಾಯ ಬೆರೆಸದ ಪ್ರಶ್ನೆ ಕೇಳುತ್ತಾರೆ: "ಇಷ್ಟು ದಪ್ಪ ಯಾಕೆ ಬೇಕಿತ್ತು?" ಎಂಬುದರಲ್ಲಿ ತೀರ್ಪು ಅಡಗಿದೆ, "ಗೆರೆಯ ದಪ್ಪ ಹೇಗೆ ನಿರ್ಧರಿಸಿದಿರಿ?" ಎಂಬುದರಲ್ಲಿ ಇಲ್ಲ. ಅಭಿಪ್ರಾಯ ಬರುವುದು ಕೊನೆಗೆ, ಅದೂ ಬರೆದವರ ಒಪ್ಪಿಗೆ ಪಡೆದು. ಒಳ್ಳೆಯ ಅಭಿಪ್ರಾಯದಲ್ಲಿ ಜಾಗ, ತೊಂದರೆ, ಕಾರಣ ಮೂರೂ ಇರುತ್ತವೆ: "ಸಣ್ಣ ಅಳತೆಯಲ್ಲಿ ಪೇ ಅಕ್ಷರದ ಬಾಯಿ ಮುಚ್ಚುತ್ತದೆ, ಅದರಿಂದ ಹೆಸರು ಓದಲಾಗುವುದಿಲ್ಲ." ಪರಿಹಾರ ಹೇಳುವುದು ಬಿಡುವುದು ಹೇಳುವವರಿಗೆ ಬಿಟ್ಟದ್ದು, ತೊಂದರೆ ಹೇಳದೆ ಬರೀ ಪರಿಹಾರ ಹೇಳುವುದು ಮಾತ್ರ ಕೆಟ್ಟ ಅಭ್ಯಾಸ. "ಹಸಿರು ಹಾಕಿ" ಎಂದರೆ ಏನು ಸರಿಯಿಲ್ಲ ಎಂಬುದು ತಿಳಿಯುವುದೇ ಇಲ್ಲ. ಗಿರಾಕಿಯ ಹೆಸರು ಇನ್ನೂ ಹೊರಬರದ ಕೆಲಸವಾದರೆ ಗುಟ್ಟು ಕಾಯುವುದೂ ಈ ಕಸುಬಿನ ಮರ್ಯಾದೆ.

ಕೇಳುವವರಿಗೂ ಶಿಸ್ತಿದೆ. ಹೇಳುವಷ್ಟು ಹೊತ್ತು ಸಮರ್ಥನೆಗೆ ಇಳಿಯದೆ ಬರೆದುಕೊಳ್ಳಬೇಕು. ವಿವರಿಸಿ ಗೆದ್ದ ಲೋಗೊ ಬೀದಿಯಲ್ಲಿ ಸೋಲುತ್ತದೆ, ಅಲ್ಲಿ ವಿವರಿಸಲು ಯಾರೂ ನಿಂತಿರುವುದಿಲ್ಲ. ಬಂದ ಮಾತುಗಳನ್ನು ಬಳಿಕ ಮೂರಾಗಿ ವಿಂಗಡಿಸಬಹುದು. ಓದಲಾಗದ ಅಕ್ಷರ, ಮುದ್ರಣಕ್ಕೆ ಒಗ್ಗದ ಬಣ್ಣ, ಇನ್ನೊಬ್ಬರ ಗುರುತಿನ ಹೋಲಿಕೆ, ಅಸಭ್ಯ ಅರ್ಥ, ಊರಿನ ಬಗ್ಗೆ ಸುಳ್ಳು ಇವು ಒಬ್ಬರೇ ಹೇಳಿದ್ದರೂ ತಿದ್ದಲೇಬೇಕಾದವು. ಸಮತೋಲ, ಅಂತರ, ಗೆರೆಯ ತೂಕ ಇವುಗಳ ಬಗ್ಗೆ ಇಬ್ಬರು ಒಂದೇ ಜಾಗವನ್ನು ತೋರಿಸಿದರೆ ಮತ್ತೆ ನೋಡಬೇಕು. ಪರಿಹಾರಗಳು ಬೇರೆಬೇರೆಯಾದರೂ ಬೆರಳು ಒಂದೇ ಕಡೆ ಇದ್ದರೆ ಅಲ್ಲಿ ದೋಷವಿರುವುದು ಖಚಿತ. ಮೂರನೆಯದು ರುಚಿ. ಅದನ್ನು ಗೌರವದಿಂದ ಕೇಳಿ ಪಕ್ಕಕ್ಕಿಡಬೇಕು. ಎಲ್ಲರ ರುಚಿಗೂ ಜಾಗ ಕೊಟ್ಟ ಲೋಗೊದಲ್ಲಿ ಹತ್ತು ಜನರ ಒಪ್ಪಂದ ಕಾಣುತ್ತದೆ, ಗುರುತು ಕಾಣುವುದಿಲ್ಲ.

ವಿಮರ್ಶೆ ಎರಡು ಸುತ್ತಿಗೆ ಮುಗಿಯುವುದು ಒಳ್ಳೆಯದು: ಪೆನ್ಸಿಲ್ ಹಂತದಲ್ಲಿ ಒಂದು, ವೆಕ್ಟರ್ ಕಡತ ಸಿದ್ಧವಾದ ಮೇಲೆ ಇನ್ನೊಂದು. ಮೊದಲ ಸುತ್ತಿನಲ್ಲಿ ಯೋಚನೆ ಸರಿಯೇ ಎಂಬ ಮಾತು ನಡೆಯುತ್ತದೆ; ಎರಡನೆಯದರಲ್ಲಿ ಆ ಯೋಚನೆ ಗೆರೆಯಲ್ಲಿ ಸರಿಯಾಗಿ ಇಳಿಯಿತೇ ಎಂಬುದು. ಎರಡನೆಯ ಸುತ್ತಿಗೆ ಹೊಸಬರೊಬ್ಬರನ್ನು ಸೇರಿಸಿಕೊಳ್ಳಬೇಕು, ಏಕೆಂದರೆ ಮೊದಲ ಸುತ್ತಿನವರಿಗೂ ಅಷ್ಟರಲ್ಲಿ ಗುರುತು ಪರಿಚಿತವಾಗಿ ಅವರ ಕಣ್ಣೂ ಒಗ್ಗಿಹೋಗಿರುತ್ತದೆ. ಎರಡನೆಯ ಸುತ್ತಿನಲ್ಲಿ ತಿದ್ದಲೇಬೇಕಾದ ದೋಷ ಒಂದೂ ಬಾರದೆ ಬರೀ ರುಚಿಯ ಮಾತು ಉಳಿದರೆ ಲೋಗೊ ಗಿರಾಕಿಯ ಮುಂದಿಡಲು ಸಿದ್ಧ. ಅಂಥ ದೋಷ ಬಂದರೆ ತಿದ್ದಿ, ಆ ಒಂದು ಅಂಶವನ್ನಷ್ಟೇ ಮತ್ತೆ ತೋರಿಸಿದರೆ ಸಾಕು. ಯಾವ ಮಾತನ್ನು ಒಪ್ಪಿದ್ದು, ಯಾವುದನ್ನು ಬಿಟ್ಟದ್ದು, ಯಾಕೆ ಎಂಬ ಒಂದು ಪುಟದ ಟಿಪ್ಪಣಿ ಕಡತದ ಜೊತೆಗಿರಲಿ. ಗಿರಾಕಿ ಅದೇ ಪ್ರಶ್ನೆ ಎತ್ತಿದಾಗ ಉತ್ತರ ಅದರಲ್ಲೇ ಸಿಗುತ್ತದೆ.